ಮಗು ಸ್ಕೌಟ್ ಕ್ಯಾಂಪಿಗೆ ಹೊರಟಾಗ: ಅಮೆರಿಕದಲ್ಲಿರುವ ಕನ್ನಡದ ಅಪ್ಪ ಅಮ್ಮಂದಿರಿಗೆ

ಊರಲ್ಲಿ ಸ್ಕೌಟ್ ಅಂದರೆ ನಮಗೆ ಶಾಲೆಯೇ ನೆನಪಾಗುತ್ತದೆ. ಕೊರಳಿಗೆ ಸ್ಕಾರ್ಫ್, ಆಗಸ್ಟ್ 15ರ ಪರೇಡ್, ಮುಂದೆ ನಿಂತು ಹೇಳಿಕೊಡುವ ಮೇಷ್ಟ್ರು. ಅದೇ ಅಂದಾಜಿನಲ್ಲಿ ಇಲ್ಲಿ ಮಗುವನ್ನು ಟ್ರೂಪಿಗೆ, ಅಂದರೆ ಸ್ಕೌಟ್ ತಂಡಕ್ಕೆ, ಸೇರಿಸಿದರೆ ಮೊದಲ ಕ್ಯಾಂಪಿನಲ್ಲೇ ಗಲಿಬಿಲಿ ಆಗುತ್ತದೆ. ಏಕೆಂದರೆ ಇಲ್ಲಿ ಕ್ಯಾಂಪ್ ನಡೆಸುವವರು ಮಕ್ಕಳೇ.

ಮೊದಲು ಹೆಸರುಗಳು. 1910ರಲ್ಲಿ ಶುರುವಾದ ಬಾಯ್ ಸ್ಕೌಟ್ಸ್ ಆಫ್ ಅಮೆರಿಕ 2025ರ ಫೆಬ್ರವರಿ 8ರಿಂದ ಸ್ಕೌಟಿಂಗ್ ಅಮೆರಿಕ ಆಗಿದೆ. ಐದನೇ ತರಗತಿವರೆಗಿನ ಮಕ್ಕಳು ಕಬ್ ಸ್ಕೌಟ್‌ಗಳು, ಅವರ ಗುಂಪು ಪ್ಯಾಕ್. ಆಮೇಲೆ 17 ವರ್ಷದವರೆಗೆ ಟ್ರೂಪ್. 2019ರಿಂದ ಹುಡುಗಿಯರೂ ಟ್ರೂಪಿಗೆ ಸೇರಬಹುದು. ಮೀಟಿಂಗ್ ಚರ್ಚಿನ ಹಾಲಿನಲ್ಲಿ ನಡೆದರೆ ಗಾಬರಿ ಬೇಡ, ಎಷ್ಟೋ ಟ್ರೂಪ್‌ಗಳಿಗೆ ಜಾಗ ಕೊಡುವುದೇ ಚರ್ಚುಗಳು. ನಿಮ್ಮ ಮಗು ನಿಮ್ಮ ಮನೆಯ ದೇವರನ್ನೇ ನಂಬಬಹುದು.

ಟ್ರೂಪಿನೊಳಗೆ ಆರೆಂಟು ಮಕ್ಕಳ ಪೆಟ್ರೋಲ್ (patrol) ಅನ್ನುವ ಚಿಕ್ಕ ಗುಂಪುಗಳು ಇರುತ್ತವೆ. ಟೆಂಟ್ ಹಾಕುವುದು, ಅಡುಗೆ, ಪಾತ್ರೆ ತೊಳೆಯುವುದು ಎಲ್ಲ ಪೆಟ್ರೋಲಿನ ಕೆಲಸ. ಸ್ಕೌಟ್‌ಮಾಸ್ಟರ್ ದೂರದಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಅದು ಉದಾಸೀನ ಅನ್ನಿಸಬಹುದು. ಆದರೆ ಮಕ್ಕಳು ತಾವೇ ಮಾಡಿ ಕಲಿಯಲಿ ಅಂತಲೇ ಅವರು ಹಾಗೆ ಕೂತಿರುತ್ತಾರೆ.

ಹಾಗಾಗಿ ಬ್ಯಾಗ್ ಮಗುವೇ ತುಂಬಲಿ. ಮಗನ ಮೊದಲ ಕ್ಯಾಂಪಿಗೆ ನಾನೇ ಎಲ್ಲ ಮಡಚಿ, ಒತ್ತಿ, ನೀಟಾಗಿ ಇಟ್ಟಿದ್ದೆ. ರಾತ್ರಿ ಮಳೆ ಬಂದಾಗ ಟಾರ್ಚ್ ಎಲ್ಲಿದೆ, ರೇನ್‌ಕೋಟ್ ಎಲ್ಲಿದೆ ಅಂತ ಅವನಿಗೆ ಗೊತ್ತೇ ಇರಲಿಲ್ಲ. ಕತ್ತಲಲ್ಲಿ ನೆನೆದುಕೊಂಡು ಹುಡುಕಿದನಂತೆ. ಈಗ ನಾನು ಪಕ್ಕದಲ್ಲಿ ಕೂತು ಪಟ್ಟಿ ಓದುತ್ತೇನೆ, ಅವನು ತುಂಬುತ್ತಾನೆ.

ಬಟ್ಟೆಯ ವಿಷಯದಲ್ಲಿ ಒಂದು ಮಾತು. ಜೀನ್ಸ್ ಮತ್ತು ಕಾಟನ್ ಬೇಡ. ಒದ್ದೆಯಾದ ಹತ್ತಿ ಬೇಗ ಒಣಗುವುದಿಲ್ಲ, ಮೈಯ ಬಿಸಿಯನ್ನೂ ಎಳೆದುಬಿಡುತ್ತದೆ. ಉಣ್ಣೆ ಅಥವಾ ಸಿಂಥೆಟಿಕ್ ಇರಲಿ. ಮಲಗುವ ಮೊದಲು ಕಾಲುಚೀಲ ಸಮೇತ ಒಣ ಬಟ್ಟೆಗೆ ಬದಲಾಯಿಸಬೇಕು. ಸ್ಲೀಪಿಂಗ್ ಬ್ಯಾಗಿನ ಮೇಲೆ 30 ಡಿಗ್ರಿ ಫ್ಯಾರನ್‌ಹೀಟ್ ಅಂತ ಬರೆದಿದ್ದರೆ ಆ ಚಳಿಯಲ್ಲಿ ಹಾಯಾಗಿ ನಿದ್ದೆ ಬರುತ್ತದೆ ಅಂದುಕೊಳ್ಳಬೇಡಿ. ಇನ್ನೂ 10 ಡಿಗ್ರಿ ಕಡಿಮೆಯದ್ದು ತೆಗೆದುಕೊಳ್ಳಿ. ಕೆಳಗೆ ಹಾಸಿಕೊಳ್ಳುವ ಪ್ಯಾಡ್ ಬೇಕೇ ಬೇಕು, ಚಳಿ ನೆಲದಿಂದಲೂ ಬರುತ್ತದೆ. ಟೆಂಟ್, ಸ್ಟೌ ಸಾಮಾನ್ಯವಾಗಿ ಟ್ರೂಪಿನ ಬಳಿಯೇ ಇರುತ್ತವೆ, ಕೇಳದೆ ಸುಮ್ನೆ ಕೊಳ್ಳಬೇಡಿ.

ಇನ್ನು ಊಟ. ನಮ್ಮವರು ಜಾಸ್ತಿ ಚಿಂತೆ ಮಾಡುವುದು ಇದಕ್ಕೇ ಅಲ್ವಾ? ಕ್ಯಾಂಪಿಗೆ ಮೊದಲಿನ ಮೀಟಿಂಗಿನಲ್ಲಿ ಪೆಟ್ರೋಲಿನ ಮಕ್ಕಳು ಕೂತು ಮೆನು ಬರೆಯುತ್ತಾರೆ. ಒಬ್ಬರು ಸಾಮಾನು ತರುತ್ತಾರೆ, ಖರ್ಚು ಎಲ್ಲರೂ ಹಂಚಿಕೊಳ್ಳುತ್ತಾರೆ. ಸಸ್ಯಾಹಾರಿಗಳಾದರೆ ಆ ಮೀಟಿಂಗಿನಲ್ಲಿ ಮಗುವೇ ಬಾಯಿ ಬಿಟ್ಟು ಹೇಳಬೇಕು. ಮೊಟ್ಟೆ ತಿನ್ನುತ್ತೇವೋ ಇಲ್ಲವೋ ಅದನ್ನೂ ಬಿಡಿಸಿ ಹೇಳಬೇಕು. ಬೇಕನ್ (ಹಂದಿ ಮಾಂಸ) ಹುರಿದ ಬಾಣಲೆಯಲ್ಲೇ ಪ್ಯಾನ್‌ಕೇಕ್ ಹುಯ್ಯುವುದು ಇಲ್ಲಿ ಮಾಮೂಲು, ಬೇರೆ ಬಾಣಲೆ ಕೇಳುವುದು ತಪ್ಪಲ್ಲ. ಕೆಲವು ಡಬ್ಬಿ ಬೀನ್ಸಿನಲ್ಲಿ ಹಂದಿ ಕೊಬ್ಬು ಇರುತ್ತದೆ. ಬೆಂಕಿಯಲ್ಲಿ ಸುಟ್ಟು ತಿನ್ನುವ ಮಾರ್ಷ್‌ಮೆಲ್ಲೋದಲ್ಲಿ ಪ್ರಾಣಿಗಳಿಂದ ಬರುವ ಜೆಲಟಿನ್ ಇರುತ್ತದೆ. ಅದಿಲ್ಲದ ವೀಗನ್ ಪೊಟ್ಟಣ ಅಂಗಡಿಯಲ್ಲಿ ಸಿಗುತ್ತದೆ, ಒಂದು ಕಳಿಸಿಕೊಡಿ.

ಫಸ್ಟ್ ಕ್ಲಾಸ್ ದರ್ಜೆಗೆ ಏರಬೇಕಾದರೆ ಮಗು ಪೆಟ್ರೋಲಿಗೆ ಅಡುಗೆ ಮಾಡಿ ಬಡಿಸಲೇಬೇಕು. ಉಪ್ಪಿಟ್ಟು ಕ್ಯಾಂಪ್ ಸ್ಟೌ ಮೇಲೆ ಸಲೀಸಾಗಿ ಆಗುತ್ತದೆ. ಮನೆಯಲ್ಲಿ ನಾಲ್ಕು ಸಲ ಮಾಡಿಸಿ, ಕೈ ಪಳಗಲಿ.

ಆದರೆ ಅಜ್ಜಿ ಕಳಿಸಿದ ಕೋಡುಬಳೆ ಡಬ್ಬಿ ಟೆಂಟಿನೊಳಗೆ ಹೋಗಬಾರದು. ಕರಡಿ ಇರುವ ಕಡೆ ಟೂತ್‌ಪೇಸ್ಟ್ ಕೂಡ ಟೆಂಟಿನಲ್ಲಿ ಇಡುವಂತಿಲ್ಲ. ಕರಡಿ ಇಲ್ಲದ ಕಡೆಯೂ ವಾಸನೆಗೆ ರಕೂನ್ ಬರುತ್ತದೆ.

ನಾವೂ ಜೊತೆಗೆ ಹೋಗಬಹುದಾ? 2023ರ ಸೆಪ್ಟೆಂಬರ್ 1ರಿಂದ ಕ್ಯಾಂಪಿನಲ್ಲಿ ರಾತ್ರಿ ಉಳಿಯುವ ದೊಡ್ಡವರೆಲ್ಲ ನೋಂದಾಯಿಸಿಕೊಂಡಿರಬೇಕು, ಮಕ್ಕಳ ಸುರಕ್ಷತೆಯ ತರಬೇತಿ ಮುಗಿಸಿರಬೇಕು. ಕಬ್ ಸ್ಕೌಟಿನಲ್ಲಿ ತಮ್ಮ ಮಗುವಿನ ಜೊತೆ ಬರುವ ಅಪ್ಪ ಅಮ್ಮನಿಗೆ ನೋಂದಣಿಯ ವಿನಾಯಿತಿ ಇದೆ. ಊರಿಂದ ಬಂದ ಅಜ್ಜ ಅಜ್ಜಿಗೆ ಅದು ಸುಮ್ಮನೆ ಅನ್ವಯಿಸುವುದಿಲ್ಲ. ಟ್ರೂಪಿನಲ್ಲಿ ಅಪ್ಪ ಅಮ್ಮನಾದರೂ ಮಗುವಿನ ಟೆಂಟಿನಲ್ಲಿ ಮಲಗುವಂತಿಲ್ಲ. ಟೆಂಟ್ ಹಂಚಿಕೊಳ್ಳುವ ಮಕ್ಕಳ ನಡುವೆ ಎರಡು ವರ್ಷಕ್ಕಿಂತ ಹೆಚ್ಚು ಅಂತರ ಇರಬಾರದು. 21 ತುಂಬಿದ, ನೋಂದಾಯಿತ ಇಬ್ಬರು ಲೀಡರ್‌ಗಳು ಯಾವಾಗಲೂ ಇರಬೇಕು, ಯಾವ ದೊಡ್ಡವರೂ ಬೇರೆಯವರ ಮಗುವಿನ ಜೊತೆ ಒಂಟಿಯಾಗಿ ಇರುವಂತಿಲ್ಲ. ಈ ನಿಯಮಗಳನ್ನು ನೋಡಿಯೇ ನನಗೆ ಧೈರ್ಯ ಬಂದದ್ದು.

ಹೆಲ್ತ್ ಫಾರಂ ಪ್ರತಿ ವರ್ಷ ಹೊಸದಾಗಿ ಕೊಡಬೇಕು. ಎ ಮತ್ತು ಬಿ ಭಾಗ ನಾವೇ ತುಂಬುತ್ತೇವೆ. 72 ಗಂಟೆ ಮೀರಿದ ಕ್ಯಾಂಪಿಗೆ ಸಿ ಭಾಗವೂ ಬೇಕು, ಅದಕ್ಕೆ ವೈದ್ಯರು ಪರೀಕ್ಷೆ ಮಾಡಿ ಸಹಿ ಹಾಕಬೇಕು. ಬೇಸಿಗೆಯ ಒಂದು ವಾರದ ಕ್ಯಾಂಪಿಗೆ ಮಾರ್ಚಿನಲ್ಲೇ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ. ಊರಲ್ಲಿ ಹಾಕಿಸಿದ ಲಸಿಕೆಗಳ ತಾರೀಖು ಹುಡುಕಿಟ್ಟುಕೊಳ್ಳಿ.

ಆ ಕ್ಯಾಂಪಿಗೆ ಇನ್ನೊಂದು ತಯಾರಿ ಈಜು. ತಲೆ ಮುಳುಗುವಷ್ಟು ಆಳಕ್ಕೆ ಕಾಲು ಮುಂದಾಗಿ ಹಾರಿ, 75 ಗಜ ಈಜಿ, ಆಮೇಲೆ ಇನ್ನೂ 25 ಗಜ ಅಂಗಾತ ಆರಾಮಾಗಿ ಈಜಬೇಕು. ಪಾಸಾಗದವರಿಗೆ ಆಳದ ನೀರು ಇಲ್ಲ. ಗೆಳೆಯರು ಆಳದಲ್ಲಿ ಆಡುವಾಗ ದಡದ ಹತ್ತಿರ ಉಳಿಯುವುದು ಮಕ್ಕಳಿಗೆ ಬಹಳ ನೋವಾಗುತ್ತದೆ. ಚಳಿಗಾಲದಲ್ಲೇ ಕ್ಲಾಸಿಗೆ ಹಾಕಿ.

ಭಾನುವಾರ ಮಧ್ಯಾಹ್ನ ಹೊಗೆ ವಾಸನೆಯ ಮಗುವಿನ ಜೊತೆ ಒದ್ದೆ ಟೆಂಟೂ ಒಂದು ಮನೆಗೆ ಬರಬಹುದು. ಒಣಗಿಸಿ, ಗೂಟಗಳನ್ನು ಎಣಿಸಿ, ಮಡಚಿ ಮುಂದಿನ ಮೀಟಿಂಗಿಗೆ ವಾಪಸ್ ಒಯ್ಯುವುದು ಮಗುವಿನ ಕೆಲಸ. ನಾವು ಗ್ಯಾರೇಜಿನಲ್ಲಿ ಜಾಗ ಮಾಡಿಕೊಟ್ಟರೆ ಸಾಕು.