ಕಣ್ಣು ನೋಡಿ ಕತ್ತರಿ ಇಡುವುದು

ವಿಜಯಪುರದ ತಿಕೋಟಾ ಭಾಗದ ದ್ರಾಕ್ಷಿ ತೋಟಗಳಲ್ಲಿ ಚಾಟ್ನಿ, ಅಂದರೆ ಬಳ್ಳಿಯ ಕಡ್ಡಿ ಕತ್ತರಿಸುವ ಕೆಲಸ, ಮಾಡುತ್ತಾ ನನಗೆ 19 ವರ್ಷ ಆಯಿತು. ಮೊದಲ ಮೂರು ವರ್ಷ ಕಲಿತದ್ದು ಬರೀ ವೇಗ. ಗಿಡದ ಲೆಕ್ಕದಲ್ಲಿ ಕೂಲಿ ಇತ್ತು. ಕೈ ಓಡಿದಷ್ಟು ರೊಕ್ಕ.

ವರ್ಷಕ್ಕೆ ಎರಡು ಚಾಟ್ನಿ, ಏಪ್ರಿಲ್‌ನದು ಕಡ್ಡಿ ಬೆಳೆಸಲು, ಅಕ್ಟೋಬರ್‌ನದು ಹಣ್ಣಿಗೆ. ನಾಲ್ಕನೇ ವರ್ಷ ಅಕ್ಟೋಬರ್ ಚಾಟ್ನಿ ಮುಗಿದು 20 ದಿನಕ್ಕೆ, ಬಾಕಿ ಕೂಲಿ ತರಲು ಒಂದು ತೋಟಕ್ಕೆ ಹೋದೆ. ನಾನು ಕತ್ತರಿಸಿದ ಸಾಲಿನಲ್ಲಿ ಚಿಗುರು ಜೋರಾಗಿತ್ತು. ಆದರೆ ಗೊಂಚಲು ಇರಬೇಕಾದ ಕಡೆ ಸುಮ್ನೆ ಆಸರೆಗೆ ಸುತ್ತುವ ಬಳ್ಳಿಯ ಕುಡಿ. ಪಕ್ಕದ ಸಾಲು ಒಬ್ಬ ಹಿರಿಯರು ಮಾಡಿದ್ದು. ಅಲ್ಲಿ ಕಡ್ಡಿ ಕಡ್ಡಿಗೂ ಗೊಂಚಲು. ಮಾಲಕರು ಬೈಯಲಿಲ್ಲ, ಕೂಲಿ ಎಣಿಸಿ ಕೊಟ್ಟರು. ನಾಲ್ಕು ಕಿಲೋ ಹಸಿ ಹಣ್ಣು ಒಣಗಿದರೆ ಸುಮಾರು ಒಂದು ಕಿಲೋ ಮಣೂಕ (ಒಣದ್ರಾಕ್ಷಿ) ಸಿಗುವುದು. ಅವರಿಗೆ ಎಷ್ಟು ಹೋಯಿತು ಅಂತ ಮನೆ ಮುಟ್ಟುವವರೆಗೂ ಲೆಕ್ಕ ಹಾಕಿದೆ.

ಮರುದಿನ ಆ ಹಿರಿಯರ ಮನೆಗೆ ಹೋದೆ. "ಕಾಕಾ, ನನಗ ಕಲಸ್ರಿ" ಅಂದೆ. "ಕೈ ಓಡಸಬ್ಯಾಡ ತಮ್ಮಾ, ಮೊದಲ ಕಣ್ಣ ನೋಡು" ಅಂದರು. ಕಣ್ಣು ಅಂದರೆ ಕಡ್ಡಿಯ ಮೇಲೆ ಚಿಗುರೊಡೆಯುವ ಮೊಗ್ಗು.

ತೋಟದಲ್ಲಿ ಎರಡು ಕಡ್ಡಿ ಕತ್ತರಿಸಿ ನನ್ನ ಕೈಗೆ ಕೊಟ್ಟರು. ಒಂದು ದುಂಡಗೆ, ಪೆನ್ಸಿಲ್ ದಪ್ಪ, ಕತ್ತರಿಸಿದ ತುದಿಯಲ್ಲಿ ತಿರುಳು ಕಂದಾಗಿತ್ತು, ಕಣ್ಣು ಉಬ್ಬಿತ್ತು. ಇನ್ನೊಂದು ಚಪ್ಪಟೆ, ತಿರುಳು ಇನ್ನೂ ಹಸಿರು, ಕಣ್ಣು ಚೂಪು. ಎರಡನೆಯದು ನೆರಳಲ್ಲಿ ಬೆಳೆದದ್ದು. ಅಕ್ಟೋಬರ್‌ನಲ್ಲಿ ಹೊರಬರುವ ಗೊಂಚಲು ಕಣ್ಣಿನೊಳಗೆ ತಯಾರಾಗುವುದು ಏಪ್ರಿಲ್ ಚಾಟ್ನಿಯ ನಂತರದ ತಿಂಗಳುಗಳಲ್ಲೇ. ಆಗ ಕಡ್ಡಿಗೆ ಬಿಸಿಲು ಬೀಳದಿದ್ದರೆ ಗೊಂಚಲಾಗಬೇಕಾದ್ದು ಕುಡಿಯಾಗಿ ಹೋಗುತ್ತದೆ. ಏಳನೇ ಎಲೆಗೆ ತುದಿ ಚಿವುಟಿ ಸಬ್ ಕೇನ್ (ಪಕ್ಕಕ್ಕೆ ಹೊಸ ಕಡ್ಡಿ) ಮಾಡಿದ ಕಡ್ಡಿಯಲ್ಲಿ, ಆ ಹೊಸ ಕಡ್ಡಿ ಹೊರಟ ಗಂಟಿನ ಹತ್ತಿರದ ಕಣ್ಣೇ ಜಾಸ್ತಿ ಹಣ್ಣು ಕೊಡುವುದು. ನಾನು ಎಲ್ಲವನ್ನೂ ಒಂದೇ ಅಳತೆಗೆ, ಗಂಟಿನ ಕೆಳಗೇ ಕತ್ತರಿಸಿ ಹಾಕಿದ್ದೆ.

ಅವತ್ತಿನಿಂದ ಒಂದು ಪದ್ಧತಿ ಇಟ್ಟುಕೊಂಡೆ. ಪ್ರತಿ ತೋಟದಲ್ಲೂ 20 ಕಡ್ಡಿಗೆ ಕೆಂಪು ದಾರ ಕಟ್ಟುತ್ತೇನೆ. ಎಷ್ಟು ಕಣ್ಣು ಬಿಟ್ಟೆ, ಕಡ್ಡಿ ಹೇಗಿತ್ತು ಅಂತ ಬರೆಯುತ್ತೇನೆ. 20ನೇ ದಿನ ಸ್ವಂತ ಖರ್ಚಿನಲ್ಲಿ ಹೋಗಿ ಗೊಂಚಲು ಎಣಿಸುತ್ತೇನೆ. ಚಾಟ್ನಿ ಮಾಡಿದವರು ತಿರುಗಿ ಬಂದು ನೋಡುವುದೇ ಕಡಿಮೆ. ನೋಡದೆ ನಮ್ಮ ಕಣ್ಣು ಹೇಗೆ ಪಳಗುತ್ತದೆ, ಅಲ್ವಾ? ಕಡ್ಡಿ ನೋಡಿ ಕತ್ತರಿ ಇಡುವ ಧೈರ್ಯ ನನಗೆ ಬರಲು ಐದು ಸೀಸನ್ ಬೇಕಾಯಿತು.

ಈಗ ನಮ್ಮದು ಆರು ಜನರ ತಂಡ. ಗಿಡದ ಲೆಕ್ಕ ಬಿಟ್ಟು ದಿನದ ಪಗಾರಕ್ಕೆ ಹೋಗುತ್ತೇವೆ. ಮಾಲಕರು ಏಪ್ರಿಲ್‌ನಲ್ಲೇ ಕರೆದು ಕಡ್ಡಿ ತೋರಿಸುತ್ತಾರೆ. ಎರಡು ಎಕರೆ ಥಾಮ್ಸನ್ ತಳಿಯ ದ್ರಾಕ್ಷಿ ತೋಟ ಪಾಲಿಗೆ ಮಾಡಿದ್ದೇನೆ. ಊರಲ್ಲೇ ದುಡಿದು ಮಕ್ಕಳ ಜೊತೆ ಕೂತು ಊಟ ಮಾಡುತ್ತೇನೆ, ಇದಕ್ಕಿಂತ ಹೆಚ್ಚು ಬೇಡಿದ್ದಿಲ್ಲ.

ಹೊಸದಾಗಿ ಬಂದ ಹುಡುಗನಿಗೆ ಮೊದಲ ಸೀಸನ್ ಕತ್ತರಿ ಕೊಡುವುದಿಲ್ಲ. ದಾರ, ವಹಿ ಅಷ್ಟೇ. ಈ ಸಲ ದಾರ ಕಟ್ಟಿ 11 ದಿನ ಆಗಿದೆ. ಇನ್ನು ಒಂಬತ್ತು ದಿನಕ್ಕೆ ಅವನನ್ನು ಕರೆದುಕೊಂಡು ಎಣಿಸಲು ಹೋಗಬೇಕು.