ಪಡುವಣ ಗೋಡೆಯ ರಗಳೆ

ನಮ್ಮ ಮನೆ ತೀರ್ಥಹಳ್ಳಿ ಕಡೆ. ಮೂರು ಗೋಡೆ ಹೇಗೋ ಸುಧಾರಿಸಿಕೊಳ್ಳುತ್ತವೆ, ಪಡುವಣದ್ದೇ ರಗಳೆ. ಬೇಸಿಗೆಯ ಮಧ್ಯಾಹ್ನದ ಬಿಸಿಲೆಲ್ಲ ಅದಕ್ಕೆ, ಜೂನ್ ಬಂದರೆ ಇರಚಲೂ ಅದಕ್ಕೇ. ಅಜ್ಜನ ಕಾಲದಲ್ಲಿ ಅಲ್ಲಿಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ನಮ್ಮದು ಆರ್‌ಸಿಸಿ ಮನೆ, ಪೇಂಟ್ ಸಾಕು ಅಂದುಕೊಂಡೆ.

ಮೊದಲ ಸಲ ಹೊಡೆದಿದ್ದು ಮೇ ಕೊನೆಗೆ. ಎರಡು ಅಡ್ಡಮಳೆ ಬಿದ್ದು ಬಿಸಿಲು ಬಂದಿತ್ತು. ಮುಟ್ಟಿದರೆ ಗೋಡೆ ಒಣಗಿದ ಹಾಗೇ ಇತ್ತು. ನೀರು ಒಳಗೇ ಬರಬಾರದು ಅಂತ ದಪ್ಪಗೆ ಆಯಿಲ್ ಪೇಂಟ್ ಬಳಿದೆ. ಆರಿದ್ರ ಮಳೆ ಹೊತ್ತಿಗೆ ಗೋಡೆ ತುಂಬ ಗುಳ್ಳೆ! ಒಂದನ್ನು ಉಗುರಲ್ಲಿ ಒಡೆದರೆ ನೀರು ಇಳಿಯಿತು. ಗಾರೆಯೊಳಗಿನ ತೇವ ಹೊರಗೆ ಬರುವ ದಾರಿಯನ್ನೇ ಮುಚ್ಚಿಬಿಟ್ಟಿದ್ದೆ.

ಎರಡನೇ ಸಲ ಫೆಬ್ರವರಿಯಲ್ಲೇ ಕೆಲಸ ಹಿಡಿದೆ. ಹಳೆ ಪೇಂಟ್ ಕೆರೆಯುವುದಕ್ಕೇ ಆರು ದಿನ ಹೋಯಿತು. ಹಾವಸೆ ಇದ್ದಲ್ಲಿ ಬ್ಲೀಚಿಂಗ್ ಪೌಡರ್ ನೀರು ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಉಜ್ಜಿ ತೊಳೆದೆ. ಸುಮ್ನೆ ನೀರಲ್ಲಿ ತೊಳೆದರೆ ಅದು ಸಾಯುವುದಿಲ್ಲ, ಹೊಸ ಪೇಂಟಿನ ಮೇಲೂ ಹಸಿರು ಬರುತ್ತದೆ. ಬಿರುಕುಗಳನ್ನು ಸ್ವಲ್ಪ ಕೆತ್ತಿ ಅಗಲ ಮಾಡಿ ಅಕ್ರಿಲಿಕ್ ಕ್ರ್ಯಾಕ್ ಫಿಲ್ಲರ್ ತುಂಬಿದೆ. ಸಿಮೆಂಟ್ ಆದರೆ ಗೋಡೆ ಬಿಸಿಲಿಗೆ ಹಿಗ್ಗಿ ಕುಗ್ಗುವಾಗ ಅಲ್ಲೇ ಮತ್ತೆ ಬಿಡುತ್ತದೆ.

ಆಮೇಲೆ ಕಾಯುವುದು. ಒಂದು ತುಂಡು ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಮರುದಿನ ಬೆಳಿಗ್ಗೆ ನೋಡಿದೆ. ಹಾಳೆಯ ಒಳಮೈಯಲ್ಲಿ ಹನಿ ಕೂತಿತ್ತು. ಒಂದು ವಾರ ಬಿಟ್ಟು ಮತ್ತೆ ಅಂಟಿಸಿದೆ, ಆಗಲೂ ಹನಿ. "ಗೋಡೆ ಒಣಗ್ಸೋದಕ್ಕೆ ಇಷ್ಟು ದಿನವಾ ಮಾರಾಯ್ರೆ?" ಅಂತ ಪಕ್ಕದ ಮನೆಯವರು ನಕ್ಕರು. ಮೂರನೇ ಸಲ ಹಾಳೆ ಒಣಗಿತ್ತು.

ಬಳಿಯುವ ಕೆಲಸ ಅದರ ಮುಂದೆ ಏನೂ ಅಲ್ಲ. ಪ್ರೈಮರ್ ಒಂದು ಕೈ, ಎಕ್ಸ್‌ಟೀರಿಯರ್ ಎಮಲ್ಷನ್ (ನೀರು ಬೆರೆಸಿ ಬಳಿಯುವ ಹೊರಗೋಡೆಯ ಪೇಂಟ್) ಎರಡು ಕೈ. ಇಬ್ಬನಿ ಆರಿದ ಮೇಲೆ ಬೆಳಿಗ್ಗೆ ಪಡುವಣ ಗೋಡೆ, ಮಧ್ಯಾಹ್ನ ಮೂಡಣದ್ದು. ಕಾದ ಗೋಡೆಗೆ ಬಳಿದರೆ ಬ್ರಷ್ ಎಳೆಯುವ ಮೊದಲೇ ಪೇಂಟ್ ಒಣಗಿ ಪಟ್ಟೆ ಬೀಳುತ್ತದೆ. ನಾಲ್ಕು ಗಂಟೆಗೆ ಕೆಲಸ ನಿಲ್ಲಿಸುತ್ತಿದ್ದೆ, ರಾತ್ರಿಯ ಇಬ್ಬನಿಗೆ ಮುಂಚೆ ಆರಬೇಕಲ್ವಾ? ಸಜ್ಜಾದ ಕೆಳಮೈಯಲ್ಲೇ ನೀರು ಹರಿದು ಗೋಡೆಗೆ ಬರುತ್ತಿತ್ತು. ಅದರ ಅಂಚಿಗೆ ಸಿಮೆಂಟಿನ ಸಣ್ಣ ಏಣು ಕಟ್ಟಿದೆ, ಈಗ ಅಲ್ಲೇ ತೊಟ್ಟಿಕ್ಕುತ್ತದೆ.

ಡಬ್ಬಿಯ ಮೇಲೆ ವಾರಂಟಿ ಬರೆದವರು, ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೇಲೆ ಮಳೆ ಸುರಿಯುವ ಆಗುಂಬೆ ಕಡೆ ಬಂದಿರಲಿಕ್ಕಿಲ್ಲ. ಆದರೂ ನಾಲ್ಕು ಮಳೆಗಾಲ ಕಳೆದಿದೆ, ಗುಳ್ಳೆ ಎದ್ದಿಲ್ಲ. ಅಂಗಳದ ನೀರು ಸಿಡಿಯುವ ಕೆಳಗಿನ ಎರಡಡಿ ಮಾತ್ರ ಪ್ರತಿ ವರ್ಷ ಹಸಿರಾಗುತ್ತದೆ. ಈ ಸಲ ಅಷ್ಟಕ್ಕೆ ಸೋಗೆ ಕಟ್ಟಿದ್ದೇನೆ.