ನೆಪೋಲಿಯನ್ ಸಿಪಾಯಿಯ ತೋಳಿಗೆ ಪಟ್ಟಿ ಬಳಿಯುವುದು ಹೇಗೆ?

28 ಮಿಲಿಮೀಟರ್‌ನ ಫ್ರೆಂಚ್ ಕಾಲಾಳು ಬೊಂಬೆಗಳಿಗೆ ಬಣ್ಣ ಹಚ್ಚುವವರು ಕೋಟು, ಬಿಳಿ ಎದೆಪಟ್ಟಿ, ಟೋಪಿ ಎಲ್ಲ ಚೆನ್ನಾಗಿಯೇ ಮುಗಿಸುತ್ತಾರೆ. ಕೆಡುವುದು ತೋಳಿನ ಹತ್ತಿರ, ಹುದ್ದೆ ತೋರಿಸುವ ಪಟ್ಟಿಗಳಲ್ಲಿ. ಸಿಕ್ಕವರಿಗೆಲ್ಲ ಚಿನ್ನ ಬಳಿದು ಇಡೀ ಕಂಪನಿಯನ್ನು ಮದುವೆಮನೆ ಬ್ಯಾಂಡ್‌ಸೆಟ್ ಥರ ಮಾಡಿಬಿಡುತ್ತಾರೆ. ಇಲ್ಲಿ ಹೇಳುವುದು 1804ರಿಂದ 1815ರವರೆಗಿನ ಲೈನ್ ರೆಜಿಮೆಂಟುಗಳ, ಅಂದರೆ ಸಾಮಾನ್ಯ ಕಾಲಾಳು ಪಡೆಗಳ ಲೆಕ್ಕ.

ಹಂತ 1: ಬೊಂಬೆ ಯಾವ ಹುದ್ದೆಯವನದು ಅಂತ ಗೊತ್ತುಮಾಡಿಕೊಳ್ಳಿ. ಕಾರ್ಪೊರಲ್ ಆದರೆ ಎರಡೂ ತೋಳಿಗೆ, ಕಫ್‌ಗಿಂತ (ಕೋಟಿನ ತೋಳಿನ ತುದಿಯ ಪಟ್ಟಿಗಿಂತ) ಸ್ವಲ್ಪ ಮೇಲೆ, ಓರೆಯಾಗಿ ಎರಡೆರಡು ಪಟ್ಟಿ. ಅದು ಉಣ್ಣೆಯದು, ಕಿತ್ತಳೆ ಬೆರೆತ ಹಳದಿ. ಸಾರ್ಜೆಂಟ್‌ಗೆ ಒಂದೇ, ಆದರೆ ಚಿನ್ನದ್ದು. ಸಾರ್ಜೆಂಟ್ ಮೇಜರ್‌ಗೆ ಚಿನ್ನದ್ದೇ ಎರಡು. ಸುಮ್ನೆ ಪಟ್ಟಿ ಎಣಿಸಿದರೆ ಸಾಲದು, ಬಣ್ಣವನ್ನೂ ನೋಡಬೇಕು. ಲೈಟ್ ಇನ್‌ಫೆಂಟ್ರಿಗೆ (ಹಗುರ ಕಾಲಾಳು ಪಡೆಗೆ) ಚಿನ್ನದ ಜಾಗದಲ್ಲಿ ಬೆಳ್ಳಿ.

ಹಂತ 2: ಕೋಟಿಗೆ ಕಡುನೀಲಿ ಬಳಿದು ಒಣಗಲು ಬಿಡಿ.

ಹಂತ 3: ಚಿನ್ನದ ಪಟ್ಟಿ. ಎಲ್ಲರೂ ಎಡವುವುದು ಇಲ್ಲೇ. ನೀಲಿಯ ಮೇಲೆ ನೇರವಾಗಿ ಚಿನ್ನ ಬಳಿದರೆ ಮಂಕಾಗಿ ಹಸಿರು ಹೊಡೆಯುತ್ತದೆ. ಸಾರ್ಜೆಂಟನ ಪಟ್ಟಿಯ ಅಂಚಿನಲ್ಲಿ ಕೆಂಪು ಬಟ್ಟೆ ಕಾಣುತ್ತಿತ್ತು. ಅದನ್ನೇ ಬಳಸಿಕೊಳ್ಳಿ. ಮೊದಲು ಬೇಕಾದ್ದಕ್ಕಿಂತ ಅಗಲವಾಗಿ ಕೆಂಪು ಎಳೆಯಿರಿ. ಒಣಗಿದ ಮೇಲೆ ನಡುವೆ ಕಂದು ಹಳದಿಯ ಗೆರೆ, ಅದರ ಮೇಲೆ ಚಿನ್ನ. ಎರಡೂ ಬದಿಗೆ ಕೂದಲೆಳೆಯಷ್ಟು ಕೆಂಪು ಉಳಿಯಬೇಕು. ಕೈ ನಡುಗಿ ಕೆಂಪು ಜಾಸ್ತಿಯಾಯಿತೇ? ಕಡುನೀಲಿಯಿಂದ ಹೊರಗಿನ ಅಂಚನ್ನು ಮುಚ್ಚುತ್ತಾ ಬನ್ನಿ. ಗೆರೆ ಚೂಪಾಗುವುದು ಈ ನೀಲಿಯಿಂದಲೇ.

ಕುಂಚ ಸೊನ್ನೆ ನಂಬರಿನದು ಸಾಕು, ತುದಿ ಚೂಪಾಗಿರಲಿ. 000 ಕೊಳ್ಳಬೇಡಿ. ಅದು ಹಿಡಿಯುವ ಚೂರು ಬಣ್ಣ ತೋಳು ಮುಟ್ಟುವ ಮೊದಲೇ ಒಣಗುತ್ತದೆ. ಚಿನ್ನದ ಜೆಲ್ ಪೆನ್ನಿನ ಅಡ್ಡದಾರಿಯೂ ಬೇಡ, ವಾರ್ನಿಷ್ ತಾಗಿದರೆ ಹರಡುತ್ತದೆ. ಚಿನ್ನದ ಕುಂಚ ತೊಳೆಯಲು ಬೇರೆ ಲೋಟ ಇಡಿ. ಇಲ್ಲದಿದ್ದರೆ ಬಿಳಿ ಎದೆಪಟ್ಟಿಯೂ ಮಿನುಗುತ್ತದೆ.

ಹಂತ 4: ಎಡ ಮೇಲ್ದೋಳಿನ ತಲೆಕೆಳಗಾದ ‘ವಿ’ ಗುರುತು. ಇದು ಹುದ್ದೆಯದಲ್ಲ, ಸರ್ವೀಸಿನದು. 10 ವರ್ಷಕ್ಕೆ ಒಂದು, 15ಕ್ಕೆ ಎರಡು, 20ಕ್ಕೆ ಮೂರು. ಸಿಪಾಯಿಗೆ ಕೆಂಪು ಉಣ್ಣೆ, ಸಾರ್ಜೆಂಟ್‌ಗೆ ಚಿನ್ನ. ಮೀಸೆ ಚಿಗುರದ ಹುಡುಗನಿಗೆ ಮೂರು ಬಳಿದರೆ ನಗೆಪಾಟಲು, ಅಲ್ವಾ?

ಹಂತ 5: ಅಧಿಕಾರಿಗಳದ್ದು ತೋಳಲ್ಲ, ಹೆಗಲು. ಲೆಫ್ಟಿನೆಂಟ್, ಕ್ಯಾಪ್ಟನ್‌ಗೆ ಎಡ ಹೆಗಲಿನಲ್ಲಿ ಮಾತ್ರ ಚಿನ್ನದ ಕುಚ್ಚು, ಬಲಗಡೆಯ ಹೆಗಲಪಟ್ಟಿಗೆ ಕುಚ್ಚಿಲ್ಲ. ಎಡ ಅಂದರೆ ಬೊಂಬೆಯ ಎಡ, ನಿಮ್ಮದಲ್ಲ. ಬೆಟಾಲಿಯನ್ ಮುಖ್ಯಸ್ಥನಿಗೂ ಎಡಕ್ಕೇ, ಆದರೆ ಎಳೆ ದಪ್ಪ. ಕರ್ನಲ್‌ಗೆ ಎರಡೂ ಕಡೆ ದಪ್ಪ ಕುಚ್ಚು. ಲೆಫ್ಟಿನೆಂಟನ ಹೆಗಲಪಟ್ಟಿಯ ನಡುವೆ ಒಂದು ಕೆಂಪು ಗೆರೆ ಇರುತ್ತಿತ್ತು. ಈ ಅಳತೆಯಲ್ಲಿ ಅದನ್ನು ಬಿಟ್ಟುಬಿಡಿ. ಎರಡೂ ಹೆಗಲಿಗೆ ಕೆಂಪು ಕುಚ್ಚಿದ್ದರೆ ಅವನು ಗ್ರೆನೇಡಿಯರ್ ಕಂಪನಿಯ, ಅಂದರೆ ಆಯ್ದ ಸೈನಿಕರ ಕಂಪನಿಯ, ಸಾಮಾನ್ಯ ಸಿಪಾಯಿ. ಚಿನ್ನ ಬಳಿದು ಅವನಿಗೆ ಬಡ್ತಿ ಕೊಡಬೇಡಿ.

ಹಂತ 6: ಮ್ಯಾಟ್ ವಾರ್ನಿಷ್. ಇದು ಚಿನ್ನವನ್ನೂ ಮಂಕು ಮಾಡುತ್ತದೆ. ಒಣಗಿದ ಮೇಲೆ ಪಟ್ಟಿಗೆ, ಕುಚ್ಚಿಗೆ ಇನ್ನೊಂದು ಸಲ ತೆಳುವಾಗಿ ಚಿನ್ನ ತಾಗಿಸಿ.